ಎಲೆ ನಿರಪರಾಧಿ, ಹೂವು ಅಪರಾಧಿ

ಗಾಂಜಾ ಗಿಡದ ವಿಚಾರದಲ್ಲಿ ಕಾನೂನು ಪಂಡಿತರು ತೋರಿಸಿರುವ ಸೂಕ್ಷ್ಮದೃಷ್ಟಿಯನ್ನು ಕಂಡರೆ ಸಸ್ಯಶಾಸ್ತ್ರಜ್ಞರೇ ನಾಚಬೇಕು. ವಿಶ್ವಸಂಸ್ಥೆಯ 1961ರ ಮಾದಕವಸ್ತು ಒಪ್ಪಂದದ ಪ್ರಕಾರ ‘ಕ್ಯಾನಬಿಸ್’ ಎಂದರೆ ಆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿ. ಬೀಜ ಮತ್ತು ಎಲೆಗಳು ಆ ತುದಿಯ ಸಂಗಡ ಇಲ್ಲದಿದ್ದರೆ ಅವು ಕ್ಯಾನಬಿಸ್ ಅಲ್ಲ. ಅಂದರೆ ಒಂದೇ ಬೇರಿನ ನೀರು ಕುಡಿದು ಬೆಳೆದ ಎಲೆಯು ಸಹವಾಸದೋಷದಿಂದ ಮಾತ್ರ ಕೆಡುತ್ತದೆ. ಗಿಡದ ಒಂದೊಂದು ಅಂಗಕ್ಕೂ ಇಷ್ಟು ನಾಜೂಕಾಗಿ ನ್ಯಾಯ ಹಂಚಿದ ವ್ಯವಸ್ಥೆಗೆ, ರೋಗಿ ಬಾಗಿಲಲ್ಲಿ ನಿಂತಾಗ ಮಾತ್ರ ಕಣ್ಣು ಮಂಜಾಗುತ್ತದೆ.

ನೋವು ಕಳೆಯಲು ಮಾದಕ ಔಷಧಗಳ ವೈದ್ಯಕೀಯ ಬಳಕೆ ಅನಿವಾರ್ಯವೆಂದು ತನ್ನ ಪೀಠಿಕೆಯಲ್ಲೇ ಒಪ್ಪಿಕೊಂಡ ಆ ಒಪ್ಪಂದವು, ಗಾಂಜಾವನ್ನು ಬಿಗಿ ನಿಯಂತ್ರಣದ ಮೊದಲನೆಯ ಪಟ್ಟಿಯಲ್ಲಿಟ್ಟದ್ದು ಸಾಲದೆಂದು, ಅಪಾಯ ಹೆಚ್ಚು, ಔಷಧಗುಣ ಅತ್ಯಲ್ಪ ಎನ್ನಿಸಿಕೊಂಡವರ ನಾಲ್ಕನೆಯ ಪಟ್ಟಿಯಲ್ಲಿ ಹೆರಾಯಿನ್ನಿನ ಪಕ್ಕಕ್ಕೂ ಕೂರಿಸಿತು. ಅಲ್ಲಿಂದ ಎಬ್ಬಿಸಲು 59 ವರ್ಷ ಹಿಡಿಯಿತು. 2020ರ ಡಿಸೆಂಬರ್ 2ರಂದು ವಿಶ್ವಸಂಸ್ಥೆಯ ಮಾದಕವಸ್ತು ಆಯೋಗದಲ್ಲಿ 27 ದೇಶಗಳು ಪರವಾಗಿಯೂ 25 ದೇಶಗಳು ವಿರುದ್ಧವಾಗಿಯೂ ಮತ ಹಾಕಿದವು, ಒಂದು ದೇಶ ತಟಸ್ಥವಾಗಿ ಉಳಿಯಿತು. ಒಬ್ಬೇ ಒಬ್ಬ ಪ್ರತಿನಿಧಿ ಆ ದಿನ ಮನಸ್ಸು ಬದಲಾಯಿಸಿದ್ದರೆ ಮತಗಳು ಸಮಸಮವಾಗಿ, ಗಿಡದ ಔಷಧಗುಣ ಸಭಾಂಗಣದಲ್ಲೇ ಆವಿಯಾಗುತ್ತಿತ್ತು. ಮೊದಲನೆಯ ಪಟ್ಟಿಯಿಂದ ಅದು ಇನ್ನೂ ಹೊರಬಂದಿಲ್ಲ. ಎರಡು ಬೀಗಗಳಲ್ಲಿ ಒಂದನ್ನು ತೆಗೆದುದಕ್ಕೆ ಬಾಗಿಲು ತೆರೆಯಿತೆಂದು ಸಂಭ್ರಮಿಸಿದವರ ಉತ್ಸಾಹ ದೊಡ್ಡದು.

ಈ ಶಾಸ್ತ್ರದಲ್ಲಿ ಅಮೆರಿಕ ತಲುಪಿದ ಎತ್ತರವನ್ನು ಬೇರೆಯವರು ತಲುಪುವುದು ಕಷ್ಟ. ಅಲ್ಲಿನ 1970ರ ಕಾಯ್ದೆ ಗಾಂಜಾಕ್ಕೆ ಯಾವ ಅಂಗೀಕೃತ ವೈದ್ಯಕೀಯ ಬಳಕೆಯೂ ಇಲ್ಲವೆಂದು ಅದನ್ನು ಅತಿ ಬಿಗಿಯಾದ ಪಟ್ಟಿಗೆ ಸೇರಿಸಿತು. ಬಳಕೆ ಉಂಟೆಂದು ತೋರಿಸಲು ಸಂಶೋಧನೆ ಬೇಕು, ಸಂಶೋಧನೆಗೆ ಆ ಪಟ್ಟಿಯೇ ಅಡ್ಡಿ, ಪಟ್ಟಿಯಿಂದ ಬಿಡಿಸಲು ಮತ್ತೆ ಸಂಶೋಧನೆಯೇ ಬೇಕು. ಮದುವೆಯಾಗುವ ತನಕ ಹುಚ್ಚು ಬಿಡುವುದಿಲ್ಲ, ಹುಚ್ಚು ಬಿಡುವ ತನಕ ಮದುವೆಯಾಗುವುದಿಲ್ಲ ಎಂಬ ನಮ್ಮ ಗಾದೆಯನ್ನು ಇಷ್ಟು ಅಚ್ಚುಕಟ್ಟಾಗಿ ಶಾಸನವಾಗಿಸಿದವರು ಇನ್ನೊಬ್ಬರಿಲ್ಲ. ಸಾಲದೆಂಬಂತೆ, 1978ರಿಂದ ಅದೇ ಸರ್ಕಾರ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ಹೊಲದಲ್ಲಿ ಬೆಳೆಸಿದ ಗಾಂಜಾವನ್ನು ಸಿಗರೇಟಾಗಿ ಸುರುಳಿ ಸುತ್ತಿಸಿ, ತಗಡಿನ ಡಬ್ಬಿಗಳಲ್ಲಿ ತುಂಬಿಸಿ, ಬೆರಳೆಣಿಕೆಯ ರೋಗಿಗಳಿಗೆ ತಾನೇ ಕಳುಹಿಸುತ್ತಿತ್ತು. ಏಡ್ಸ್ ರೋಗಿಗಳ ಅರ್ಜಿಗಳು ರಾಶಿ ಬೀಳತೊಡಗಿದ ಮೇಲೆ, 1992ರಲ್ಲಿ ಹೊಸಬರಿಗೆ ಬಾಗಿಲು ಹಾಕಲಾಯಿತು. ಹಳಬರ ಡಬ್ಬಿಗಳು ಮಾತ್ರ ಬರುತ್ತಲೇ ಇದ್ದವು. ಔಷಧಗುಣವಿಲ್ಲದ ಆ ಗಿಡದ ರಾಸಾಯನಿಕಗಳು ನರಕೋಶಗಳನ್ನು ರಕ್ಷಿಸುತ್ತವೆಂಬ ಪೇಟೆಂಟನ್ನು 2003ರಲ್ಲಿ ಪಡೆದದ್ದು ಯಾರೆಂದು ಹುಡುಕಿದರೆ, ಅಮೆರಿಕ ಸರ್ಕಾರದ ಆರೋಗ್ಯ ಇಲಾಖೆಯ ಹೆಸರೇ ಸಿಗುತ್ತದೆ. ಗಿಡದ ಮುಖ್ಯ ಮಾದಕಾಂಶವನ್ನು ಪ್ರಯೋಗಾಲಯದಲ್ಲಿ ತಯಾರಿಸಿ ಕ್ಯಾಪ್ಸೂಲಿನಲ್ಲಿಟ್ಟಾಗ 1985ರಲ್ಲೇ ಔಷಧವೆಂಬ ಮನ್ನಣೆ ದೊರೆತಿತ್ತು. ಮಣ್ಣಿನಲ್ಲಿ ಹುಟ್ಟಿದ್ದೇ ಗಿಡ ಮಾಡಿದ ತಪ್ಪು.

ಬ್ರಿಟನ್ನಿನದು ಇನ್ನಷ್ಟು ಸಭ್ಯವಾದ ಪವಾಡ. ಅಂತರರಾಷ್ಟ್ರೀಯ ಮಾದಕವಸ್ತು ನಿಯಂತ್ರಣ ಮಂಡಳಿಯ ಲೆಕ್ಕದಲ್ಲಿ 2016ರಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು, ಅಂದರೆ 95 ಟನ್ ಕಾನೂನುಬದ್ಧ ಗಾಂಜಾ ಬೆಳೆದ ದೇಶ ಅದು. ಆಗ ಅಲ್ಲಿನ ನಿಯಮಾವಳಿಯು ಗಾಂಜಾಕ್ಕೆ ಚಿಕಿತ್ಸಕ ಮೌಲ್ಯವೇ ಇಲ್ಲವೆನ್ನುತ್ತಿತ್ತು. 2018ರ ಜೂನ್‌ನಲ್ಲಿ ತೀವ್ರ ಮೂರ್ಛೆರೋಗದ ಮಗನಿಗಾಗಿ ತಾಯಿಯೊಬ್ಬರು ಕೆನಡಾದಿಂದ ತಂದ ಗಾಂಜಾ ಎಣ್ಣೆಯನ್ನು ಹೀಥ್ರೂ ವಿಮಾನ ನಿಲ್ದಾಣದಲ್ಲಿ ವಶಪಡಿಸಿಕೊಳ್ಳಲಾಯಿತು. ಬಾಲಕ ಆಸ್ಪತ್ರೆ ಸೇರಿದ ಮೇಲೆ ಅದೇ ಎಣ್ಣೆಯನ್ನು ಸರ್ಕಾರ ಹಿಂದಿರುಗಿಸಿತು. ಆ ವರ್ಷದ ನವೆಂಬರ್ 1ರಿಂದ ಗಾಂಜಾ ಔಷಧವೂ ಆಯಿತು. ಆದರೆ ಔಷಧದ ಚೀಟಿ ಬರೆಯಲು ಆರಂಭಿಸಬೇಕಾದವರು ತಜ್ಞವೈದ್ಯರ ನೋಂದಣಿಯಲ್ಲಿರುವವರು ಮಾತ್ರ. ಮಾರ್ಫಿನ್ನನ್ನು ಸ್ವಂತ ವಿವೇಚನೆಯಿಂದ ಬರೆಯಬಲ್ಲ ಕುಟುಂಬ ವೈದ್ಯರು ಇಲ್ಲಿ ಕೈಕಟ್ಟಿ ಕೂರಬೇಕು. ತಜ್ಞರಾದರೋ ಸರ್ಕಾರಿ ಆಸ್ಪತ್ರೆಯಲ್ಲಿ ಸಾಕ್ಷ್ಯ ಸಾಲದೆಂದು ತಲೆಯಾಡಿಸುತ್ತಾರೆ. ಖಾಸಗಿ ಚಿಕಿತ್ಸಾಲಯದಲ್ಲಿ ಶುಲ್ಕ ಕಟ್ಟಿದ ರೋಗಿಗೆ ಆ ಸಾಕ್ಷ್ಯದ ಕೊರತೆ ಅಷ್ಟಾಗಿ ಬಾಧಿಸುವುದಿಲ್ಲ. (ರಸೀದಿಗೂ ಚಿಕಿತ್ಸಕ ಗುಣ ಇರಬಹುದು, ಸಂಶೋಧನೆ ನಡೆಯಲಿ.)

ಹೀಗೆ ಚೀಟಿ ಗಿಟ್ಟಿಸಿದ ಕೆಲವು ಮಕ್ಕಳ ಎಣ್ಣೆ ತಯಾರಾಗುತ್ತಿದ್ದುದು ನೆದರ್‌ಲ್ಯಾಂಡ್ಸ್‌ನಲ್ಲಿ. ಜಗತ್ತಿಗೆಲ್ಲ ಹೆಚ್ಚು ಗಾಂಜಾ ಬೆಳೆದ ದೇಶದ ಮಗುವಿನ ಮದ್ದು ಸಮುದ್ರ ದಾಟಿ ಬರಬೇಕಿತ್ತು. 2020ರ ಡಿಸೆಂಬರ್‌ನಲ್ಲಿ, ಜನವರಿ 1ರಿಂದ ಬ್ರಿಟನ್ನಿನ ಚೀಟಿಗೆ ಯುರೋಪಿನ ಒಕ್ಕೂಟದ ದೇಶಗಳಲ್ಲಿ ಔಷಧ ಕೊಡಲು ಬರುವುದಿಲ್ಲವೆಂಬ ಪತ್ರ ಬ್ರಿಟನ್ನಿನ ಆರೋಗ್ಯ ಇಲಾಖೆಯಿಂದ ಹೊರಟಿತು. ಒಕ್ಕೂಟವನ್ನು ತೊರೆದ ಗಳಿಗೆಯಲ್ಲಿ ಈ ಎಣ್ಣೆಯ ನೆನಪು ಯಾರಿಗೂ ಆಗಿರಲಿಲ್ಲ. ಕೊನೆಗೆ ಡಚ್ಚರು ಕೆಲವು ತಿಂಗಳ ವಿನಾಯಿತಿ ಕೊಟ್ಟರು. ಮೂರ್ಛೆಯಿಂದಲೂ ಅಷ್ಟೇ ತಿಂಗಳ ವಿನಾಯಿತಿ ಕೊಡಿಸುವ ಅಧಿಕಾರಿ ಮಾತ್ರ ಯಾವ ಇಲಾಖೆಯಲ್ಲೂ ಇರಲಿಲ್ಲ.