ಆ ಇಬ್ಬರ ಹೆಸರು ಕೇಳಲು ಅವರು ಯಾರು?

ಇಂದು ಬೆಳಿಗ್ಗೆ ಮೈಸೂರಿನ ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ಕಂಡದ್ದನ್ನು ಬರೆಯದೆ ನನಗೆ ಸಮಾಧಾನವಿಲ್ಲ. ಕಲ್ಲುಬೆಂಚಿನ ಮೇಲೆ ಒಬ್ಬ ಹುಡುಗ, ಒಬ್ಬಳು ಹುಡುಗಿ ಪುಸ್ತಕಗಳನ್ನು ಪಕ್ಕದಲ್ಲಿಟ್ಟುಕೊಂಡು ಮಾತನಾಡುತ್ತ ಕುಳಿತಿದ್ದರು. ವಾಯುವಿಹಾರಕ್ಕೆ ಬಂದಿದ್ದ, ಹೆಚ್ಚುಕಡಿಮೆ ನನ್ನ ವಯಸ್ಸಿನವರೇ ಆದ ಒಬ್ಬರು ಅವರೆದುರು ನಿಂತು ಮೊದಲು ಹೆಸರು, ಆಮೇಲೆ ಕಾಲೇಜು, ತಂದೆಯ ಉದ್ಯೋಗ, ಕೊನೆಗೆ ಜಾತಿಯನ್ನೂ ವಿಚಾರಿಸಿದರು. ಹುಡುಗಿ ಉತ್ತರಿಸದೆ ಎದ್ದು ನಿಂತಾಗ ಮೊಬೈಲ್ ತೆಗೆದು ಇಬ್ಬರ ಫೋಟೊ ತೆಗೆದುಕೊಂಡರು. ನಾನು ಹೋಗಿ ಆಕ್ಷೇಪಿಸಿದ್ದಕ್ಕೆ ಅವರು ಕೊಟ್ಟ ಉತ್ತರ ಇದು: "ಇದು ಸಾರ್ವಜನಿಕ ಜಾಗ ಸ್ವಾಮಿ. ಕೇಳುವ ಸ್ವಾತಂತ್ರ್ಯ ನನಗಿಲ್ಲವೇ?"

ಫೋಟೊ ತೆಗೆದದ್ದಕ್ಕಿಂತ ಈ ಉತ್ತರ ನನ್ನನ್ನು ಹೆಚ್ಚು ಕೆರಳಿಸಿತು. ಸಂವಿಧಾನದ 19ನೇ ವಿಧಿ ಅವರಿಗೆ ಮಾತಿನ ಸ್ವಾತಂತ್ರ್ಯ ಕೊಟ್ಟಿರುವುದು ನಿಜ. ಅದೇ ವಿಧಿ ಆ ಇಬ್ಬರಿಗೂ ಮಾತಿನ ಸ್ವಾತಂತ್ರ್ಯವನ್ನು ಕೊಟ್ಟಿದೆ, ದೇಶದ ಉದ್ದಗಲಕ್ಕೂ ಓಡಾಡುವ ಸ್ವಾತಂತ್ರ್ಯವನ್ನೂ ಕೊಟ್ಟಿದೆ. ಪ್ರಶ್ನೆ ಕೇಳುವುದು ಅವರ ಸ್ವಾತಂತ್ರ್ಯವಾದರೆ ಉತ್ತರ ಕೊಡದಿರುವುದು ಆ ಹುಡುಗಿಯ ಸ್ವಾತಂತ್ರ್ಯ, ಮತ್ತು ಉತ್ತರ ಕೊಡದ ತಪ್ಪಿಗೆ ಆಕೆಯ ಚಿತ್ರವನ್ನು ಜೇಬಿಗಿಳಿಸಿಕೊಳ್ಳುವುದು ಯಾರ ಸ್ವಾತಂತ್ರ್ಯವೂ ಅಲ್ಲ. ಸಾರ್ವಜನಿಕ ಜಾಗ ಎಂಬ ವಾದವೂ ನಿಲ್ಲುವುದಿಲ್ಲ. ನಮ್ಮ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಮನುಷ್ಯ ಸಾರ್ವಜನಿಕ ಸ್ಥಳದಲ್ಲಿದ್ದ ಮಾತ್ರಕ್ಕೆ ಖಾಸಗಿತನವನ್ನು ಬಿಟ್ಟುಕೊಟ್ಟಂತಲ್ಲ, ಅದು ಜಾಗಕ್ಕಲ್ಲ, ವ್ಯಕ್ತಿಗೆ ಅಂಟಿಕೊಂಡಿರುತ್ತದೆ ಎಂಬ ವಿವೇಚನೆ ಆ ತೀರ್ಪಿನಲ್ಲಿಯೇ ಇದೆ.

ಹಿರಿಯರು ಕಿರಿಯರನ್ನು ವಿಚಾರಿಸುವುದು ನಮ್ಮ ಸಂಸ್ಕೃತಿಯಲ್ಲವೇ ಎಂದು ಕೆಲವು ಸ್ನೇಹಿತರು ಕೇಳುವರೆಂದು ನನಗೆ ಗೊತ್ತು. ಮದ್ದೂರಿನ ಕಡೆಯವನಾದ ನನಗೆ ಆ ಸಂಸ್ಕೃತಿಯನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ಅಜ್ಜಿ "ಯಾವೂರವ್ವ, ಯಾರ್ ಮಗ್ಳು?" ಎಂದು ಕೇಳಿದರೆ, ಉತ್ತರ ಸಿಕ್ಕ ಮೇಲೆ ಮಡಿಲಿನ ಕಡಲೆಕಾಯಿ ಕೊಡುತ್ತಾಳೆ, ಉತ್ತರ ಸಿಗದಿದ್ದರೆ ಕಿಟಕಿಯಾಚೆ ನೋಡುತ್ತಾಳೆ. ಆ ಪ್ರಶ್ನೆಯ ಹಿಂದೆ ಶಿಕ್ಷೆ ಇರುವುದಿಲ್ಲ. ಇನ್ನು ಹೆಣ್ಣುಮಕ್ಕಳ ಸುರಕ್ಷತೆಯ ಮಾತು: ಇಂದು ಬೆಳಿಗ್ಗೆ ಆ ಹುಡುಗಿ ಹೆದರಿದ್ದು ಪಕ್ಕದಲ್ಲಿ ಕುಳಿತಿದ್ದ ಗೆಳೆಯನಿಗಲ್ಲ, ಎದುರು ನಿಂತಿದ್ದ ರಕ್ಷಕನಿಗೆ. ಯಾರಾದರೂ ನಿಜವಾಗಿ ಅಸಭ್ಯವಾಗಿ ವರ್ತಿಸಿದರೆ ಕಾನೂನಿದೆ, ಪೊಲೀಸರಿದ್ದಾರೆ, 112 ಇದೆ.

ಇಷ್ಟು ಕೋಪವೇಕೆ ಎಂದು ಕೇಳುವವರಿಗೆ ಇದುವರೆಗೆ ಇಲ್ಲಿ ಬರೆಯದ ಒಂದು ಸಂಗತಿಯನ್ನು ಹೇಳುತ್ತೇನೆ. ನನ್ನ ಅಕ್ಕ ಮಂಡ್ಯದಲ್ಲಿ ಪಿಯುಸಿ ಓದುತ್ತಿದ್ದಾಗ, ಬಸ್ ನಿಲ್ದಾಣದಲ್ಲಿ ಸಹಪಾಠಿಯೊಬ್ಬನಿಗೆ ಅರ್ಥಶಾಸ್ತ್ರದ ನೋಟ್ಸ್ ಹಿಂದಿರುಗಿಸುತ್ತಿದ್ದುದನ್ನು ನಮ್ಮೂರಿನ ಹಿತೈಷಿಯೊಬ್ಬರು ಕಂಡರು. ಸಂಜೆ ಮನೆಗೆ ಬಂದು, ಕಾಫಿ ಕುಡಿದು, ಅಪ್ಪನ ಕಿವಿಯಲ್ಲಿ ಹೇಳಿ ಹೋದರು. ಮರುದಿನದಿಂದ ಅಕ್ಕ ಕಾಲೇಜಿಗೆ ಹೋಗಲಿಲ್ಲ, ಮುಂದಿನ ಯುಗಾದಿಯೊಳಗೆ ಅವಳ ಮದುವೆ ನಡೆದುಹೋಯಿತು. ತರಗತಿಗೇ ಮೊದಲಿಗಳಾಗಿದ್ದ ಅವಳನ್ನು ಏನಾಯಿತೆಂದು ಕೇಳಿದವರು ಮನೆಯಲ್ಲಿ ಯಾರೂ ಇರಲಿಲ್ಲ. ಆ ಹಿತೈಷಿ ಮದುವೆಗೂ ಬಂದು ಮೊದಲ ಪಂಕ್ತಿಯಲ್ಲಿ ಉಂಡು ಹೋದರು. ಅಂದು ಅವರ ಬಳಿ ಇದ್ದದ್ದು ನಾಲಿಗೆ ಮಾತ್ರ. ಇಂದಿನ ಹಿತೈಷಿಯ ಕೈಯಲ್ಲಿ ಫೋಟೊ ಇದೆ, ಅದನ್ನು ನಿಮಿಷದಲ್ಲಿ ನೂರು ಜನಕ್ಕೆ ಕಳಿಸುವ ವಾಟ್ಸಾಪ್ ಗುಂಪುಗಳಿವೆ.

ನಮ್ಮ ಮದ್ದೂರಿನ ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ ಟಿ. ಸಿದ್ದಲಿಂಗಯ್ಯನವರ ಮುಂದಾಳತ್ವದಲ್ಲಿ ಸಾವಿರಾರು ರೈತರು ಮೈಸೂರು ಸಂಸ್ಥಾನದ ಸರ್ಕಾರದ ನಿಷೇಧವನ್ನು ಮುರಿದು ಕಾಂಗ್ರೆಸ್ಸಿನ ತ್ರಿವರ್ಣ ಧ್ವಜ ಹಾರಿಸಿದರು. 1947ರ ಸೆಪ್ಟೆಂಬರ್‌ನಲ್ಲಿ, ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೂ ಅರಸರ ಆಳ್ವಿಕೆಯಲ್ಲಿದ್ದ ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ, ಅಂದರೆ ಜನರ ಪ್ರತಿನಿಧಿಗಳಿಗೆ ಉತ್ತರ ಹೇಳಬೇಕಾದ ಸರ್ಕಾರಕ್ಕಾಗಿ, ಮೈಸೂರು ಚಲೋ ಚಳವಳಿ ನಡೆಸಬೇಕಾಗಿ ಬಂದಾಗ, ಇದೇ ಮೈಸೂರಿನಲ್ಲಿ ರಾಮಸ್ವಾಮಿ ಎಂಬ ವಿದ್ಯಾರ್ಥಿ ಗುಂಡೇಟಿಗೆ ಬಲಿಯಾದ. ರಾಮಸ್ವಾಮಿ ವೃತ್ತಕ್ಕೆ ಹೆಸರು ಬಂದದ್ದು ಅವನಿಂದ. ಆ ವೃತ್ತದಲ್ಲಿ ಕೈಮುಗಿಯುವ ನಾವು, ಇಂದು ವಿದ್ಯಾರ್ಥಿಗಳಿಬ್ಬರು ಬೆಂಚಿನ ಮೇಲೆ ಕುಳಿತು ಮಾತನಾಡಲು ನಮ್ಮ ಅನುಮತಿ ಬೇಕೆಂದರೆ, ಅವನು ಯಾರ ಸ್ವಾತಂತ್ರ್ಯಕ್ಕಾಗಿ ಸತ್ತನೆಂದು ತಿಳಿದಿದ್ದೇವೆ? ಸ್ವಾತಂತ್ರ್ಯವನ್ನು ನನ್ನ ಪಾಲಿಗೆ ಮಾತ್ರ ಕೇಳಿದಾಗ ನಾನು ಕೇಳುತ್ತಿರುವುದು ಅಧಿಕಾರವನ್ನು.

ಇದನ್ನು ಇಷ್ಟು ಬಿಡಿಸಿ ಬರೆಯಲು ಇನ್ನೊಂದು ಕಾರಣವಿದೆ. ನಮ್ಮ ಬಡಾವಣೆಯ ಉದ್ಯಾನದಲ್ಲಿ "ಜೋಡಿಗಳಿಗೆ ಪ್ರವೇಶವಿಲ್ಲ" ಎಂಬ ಫಲಕ ಹಾಕಿಸಬೇಕೆಂಬ ಪ್ರಸ್ತಾಪ ಭಾನುವಾರದ ನಿವಾಸಿಗಳ ಸಭೆಗೆ ಬರಲಿದೆ. ನಾನು ಅದನ್ನು ವಿರೋಧಿಸಿ ಮಾತನಾಡುತ್ತೇನೆ, ವಿರೋಧವನ್ನು ಬರಹದಲ್ಲಿಯೂ ಕೊಡುತ್ತೇನೆ. ಫಲಕ ಬೇಕೆನ್ನುವವರೂ ದಯವಿಟ್ಟು ಬನ್ನಿ. ನಿಮ್ಮ ಮಾತು ಮುಗಿಯುವವರೆಗೆ ನಾನು ನಡುವೆ ಬಾಯಿ ಹಾಕುವುದಿಲ್ಲ.