ಗಾಳಿಯ ಲೆಕ್ಕ ಗಾಳಿಯಲ್ಲೇ

ಶಾಲು ಹೊದ್ದು ನಿಂತವರ ಆ ಫೋಟೊ ನೀವೂ ನೋಡಿರ್ತೀರಿ. ಕಳೆದ ವಾರ ಅದು ಬರದ ವಾಟ್ಸಾಪ್ ಗುಂಪೇ ಇಲ್ಲ. ಹಿಂದೆ ಬ್ಯಾನರು, ಕೊರಳಲ್ಲಿ ಹಾರ, ಕೈಯಲ್ಲಿ ಕೂಸಿನ ಹಾಗೆ ಹಿಡಿದ ಒಂದು ನೀರಿನ ಮೀಟರು. ವಿಜಯಪುರದಿಂದ ಬಸ್ಸಿನಲ್ಲಿ ಒಂದು ತಾಸಿನ ದಾರಿಯ ನಮ್ಮ ಸಣ್ಣ ಊರು ಈಗ ವೈರ್‌ಲೆಸ್ ಮೀಟರಿನ ಮಾದರಿ ಊರು. ಸೋರಿಕೆ ಸೊನ್ನೆ ಅಂತ ಸುದ್ದಿ. ಸುಳ್ಳೇನಲ್ಲ. ಸೋರೋದಕ್ಕೆ ಪೈಪಿನಲ್ಲಿ ಏನಾದರೂ ಇರಬೇಕಲ್ವಾ?

ನಮ್ಮ ಮನೆಗೂ ಒಂದು ಕೂಡಿಸಿದ್ದಾರೆ. ಒಳಗೆ ಹಳೇ ತಿರುಗುವ ಮೀಟರೇ, ಮೇಲೆ ನೀಲಿ ಪ್ಲಾಸ್ಟಿಕ್ ಟೋಪಿ. ಟೋಪಿಯೊಳಗೆ ರೇಡಿಯೊ, ಬ್ಯಾಟರಿ. ಟೋಪಿ ಹಾಕಿದ್ದು ಮೀಟರಿಗೆ ಅಂತಲೇ ನಾನು ತಿಳಿದಿದ್ದೆ. ತಾಸಿಗೊಮ್ಮೆ ಎದ್ದು ಅದು ಲೆಕ್ಕ ಕಳಿಸುತ್ತದೆ. ನಮ್ಮ ಓಣಿಗೆ ನಳ ಬರುವುದು ಎಂಟು ದಿನಕ್ಕೊಮ್ಮೆ. ಹಾಗಾಗಿ ಒಂದೊಂದು ವಾರ 168 ಸಲವೂ ಅದು ಒಂದೇ ಮಾತು ಹೇಳುತ್ತದೆ: ನೀರು ಬಂದಿಲ್ಲ. ಇದೇ ಮಾತು ನಾನು ಹೇಳಿದರೆ ತಕರಾರು. ಅದು ಹೇಳಿದರೆ ಡೇಟಾ.

ತಂತ್ರಜ್ಞಾನವನ್ನು ಮಾತ್ರ ಬಯ್ಯಬೇಡಿ, ನನಗೆ ಸಿಟ್ಟು ಬರುತ್ತದೆ. ಅದು ನಿಜವಾಗಿಯೂ ಚೆಂದದ ಕೆಲಸ. ಟೋಪಿಯೊಳಗಿನ ಆ ರೇಡಿಯೊ ಪದ್ಧತಿಗೆ ಲೋರಾ ಅಂತ ಹೆಸರು. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಒಂದು ಸಣ್ಣ ಕಂಪನಿ ಹುಟ್ಟಿಸಿದ್ದು, 2012ರಲ್ಲಿ ಅಮೆರಿಕದ ಸೆಮ್‌ಟೆಕ್ ಕೊಂಡುಕೊಂಡಿತು. ನಮ್ಮ ದೇಶದಲ್ಲಿ 865 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಇದಕ್ಕೆ ಲೈಸೆನ್ಸ್ ಬೇಕಿಲ್ಲ. ಹಕ್ಕಿ ಚಿಲಿಪಿಲಿ ಅನ್ನುವ ಹಾಗೆ ದನಿಯನ್ನು ಕೆಳಗಿನಿಂದ ಮೇಲಕ್ಕೆ ಎಳೆದು ಕಳಿಸುತ್ತದೆ. ಹೀಗೆ ಎಳೆಯುವುದರಿಂದ ಸುತ್ತಲಿನ ಗದ್ದಲಕ್ಕಿಂತ ಕೆಳಗೆ ಮುಳುಗಿದ ಪಿಸುಮಾತನ್ನೂ ಆ ಕಡೆಯವರು ಹೆಕ್ಕಿ ತೆಗೆಯಬಹುದು. ಖರ್ಚಾಗುವ ಶಕ್ತಿ ದೇವರ ಕೋಣೆಯ ಜೀರೋ ಬಲ್ಬಿಗಿಂತ ಎಷ್ಟೋ ಪಾಲು ಕಡಿಮೆ. ಬಯಲಾದರೆ ಹತ್ತು ಕಿಲೋಮೀಟರ್ ದಾಟುತ್ತದೆ. ಬ್ಯಾಟರಿ ವರ್ಷಗಟ್ಟಲೆ ಬರುತ್ತದೆ. ಯಾಕೆಂದರೆ ಇದು ಬಹುಪಾಲು ಹೊತ್ತು ನಿದ್ದೆಯಲ್ಲಿರುತ್ತದೆ.

ಇಲ್ಲಿ ಒಂದು ಸರ್ಕಾರಿ ನೌಕರರ ಜೋಕು ಹಾಕಬೇಕು ಅಂತ ಕೈ ತುರಿಸುತ್ತದೆ. ಆದರೆ ನಮ್ಮ ನೀರು ಬಿಡಾಂವ ನಡುರಾತ್ರಿ ಎರಡಕ್ಕೆ ಎದ್ದು, ಉದ್ದನೆಯ ಕಬ್ಬಿಣದ ಚಾವಿ ಸೈಕಲ್ಲಿಗೆ ಕಟ್ಟಿಕೊಂಡು ಬರ್ತಾನೆ, ಪಾಪ. ಅವನ ಮುಖ ನೆನಪಾದರೆ ಜೋಕು ಬರೋದಿಲ್ಲ.

ಈ ಮೀಟರುಗಳು ಮಾತಾಡುವ ಪದ್ಧತಿ ಬಂದದ್ದು ಹವಾಯಿ ದ್ವೀಪಗಳಿಂದ. 1971ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ಮತ್ತು ಜೊತೆಗಾರರು ದ್ವೀಪದಿಂದ ದ್ವೀಪಕ್ಕೆ ರೇಡಿಯೊದಲ್ಲಿ ಕಂಪ್ಯೂಟರು ಜೋಡಿಸಿದರು. ಅಲೋಹಾ ಅಂತ ಹೆಸರಿಟ್ಟರು. ನಿಯಮ ಬಹಳ ಸರಳ. ಹೇಳಬೇಕು ಅನಿಸಿದಾಗ ಹೇಳು. ಇಬ್ಬರ ಮಾತು ಡಿಕ್ಕಿ ಹೊಡೆದು ಉತ್ತರ ಬರದಿದ್ದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೇಳು.

ಇದು ತಿಳಿಯದಿದ್ದರೆ ಶಾಲೆಗಳ ಪ್ರವಾಸದ ದಿನ ಗೋಳಗುಮ್ಮಟ ಹತ್ತಿ. 1656ರಲ್ಲಿ ಮುಗಿದ ಕಟ್ಟಡ, 44 ಮೀಟರ್ ಅಗಲದ ಗುಮ್ಮಟ. ಬ್ಯಾಟರಿ ಇಲ್ಲ, ಆ್ಯಂಟೆನಾ ಇಲ್ಲ. ಈ ಗೋಡೆಗೆ ಕಿವಿ ಹಚ್ಚಿದರೆ ಎದುರು ಗೋಡೆಯವರ ಪಿಸುಮಾತು ಕೇಳುತ್ತದೆ. ನಾನು ಆರನೇ ಇಯತ್ತೆಯಲ್ಲಿದ್ದಾಗ ಗೆಳೆಯನೊಬ್ಬ ಆ ಕಡೆಯಿಂದ ಏನೋ ಗುಟ್ಟು ಹೇಳಿದ. ಅಷ್ಟರಲ್ಲಿ ಇಂಡಿ ಕಡೆಯ ಶಾಲೆಯೊಂದು ಮೆಟ್ಟಿಲು ಹತ್ತಿ ಬಂತು. ಎಂಬತ್ತು ಹುಡುಗರು ಒಂದೇ ಸಲ 'ಓ' ಅಂದರು. ಒಂದೊಂದು 'ಓ'ಗೆ ಏಳೇಳು ಮರುದನಿ. ಕಾವಲುಗಾರ ಸುಮ್ಮನಿರಿಸಲು ಸೀಟಿ ಊದಿದ. ಸೀಟಿಗೂ ಏಳು ಮರುದನಿ. ಆ ಗುಟ್ಟು ಏನಂತ ನನಗೆ ಇವತ್ತಿಗೂ ಗೊತ್ತಿಲ್ಲ. ಅಲೋಹಾದ ಸಮಸ್ಯೆಯೂ ಇದೇ. ಎಷ್ಟೇ ತಿಪ್ಪರಲಾಗ ಹಾಕಿದರೂ ಹೊತ್ತಿನ ನೂರಕ್ಕೆ 18 ಪಾಲು ಮಾತ್ರ ಸರಿಯಾದ ಮಾತಿಗೆ ದಕ್ಕುತ್ತದೆ ಅಂತ ಅಬ್ರಾಮ್ಸನ್ನೇ ಲೆಕ್ಕ ಹಾಕಿ ತೋರಿಸಿದ್ದರು. ಆಮೇಲೆ 1973ರಲ್ಲಿ ಅಮೆರಿಕದ ಬಾಬ್ ಮೆಟ್‌ಕಾಫ್ ತಂತಿಯಲ್ಲಿ ಕಂಪ್ಯೂಟರು ಜೋಡಿಸುವ ಈಥರ್ನೆಟ್ ಮಾಡುವಾಗ ಒಂದು ತಿದ್ದುಪಡಿ ತಂದರು. ಮೊದಲು ಕೇಳಿಸಿಕೋ, ಯಾರೂ ಮಾತಾಡ್ತಿಲ್ಲ ಅಂದರೆ ಮಾತಾಡು. ಈ ಸಂಶೋಧನೆ ನಮ್ಮೂರಿನ ಸಭೆಗಳ ತನಕ ಇನ್ನೂ ಬಂದು ಮುಟ್ಟಿಲ್ಲ.

ಪಾರಿವಾಳದ ಕತೆಯನ್ನೂ ಹೇಳಿಬಿಡ್ತೀನಿ, ತಡೆಯೋಕಾಗ್ತಿಲ್ಲ. 1990ರ ಏಪ್ರಿಲ್ 1ರಂದು ಇಂಟರ್ನೆಟ್ ಮಂದಿ ತಮಾಷೆಗೆ ಒಂದು ನಿಯಮ ಬರೆದರು: ಪಾರಿವಾಳದ ಕಾಲಿಗೆ ಡೇಟಾ ಕಟ್ಟಿ ಕಳಿಸುವುದು ಹೇಗೆ ಅಂತ. 2001ರಲ್ಲಿ ನಾರ್ವೆಯ ಬರ್ಗೆನ್‌ನಲ್ಲಿ ಕೆಲವರು ಅದನ್ನು ಮಾಡಿಯೇ ನೋಡಿದರು. ಒಂಬತ್ತು ಸಂದೇಶ ಕಳಿಸಿದರು, ನಾಲ್ಕಕ್ಕೆ ಉತ್ತರ ಬಂತು. ಆ ನಾಲ್ಕರಲ್ಲಿ ಒಂದೂ ಎರಡು ತಾಸು ದಾಟಲಿಲ್ಲ. ನಾನು ಬಿಲ್ಲಿನ ಬಗ್ಗೆ ಕೊಟ್ಟ ಅರ್ಜಿ ದೀಪಾವಳಿ ಮುಂಚಿನದು.

ಬಿಲ್ಲು ಅಂದೆನಲ್ಲ, ಅದು ಹೀಗೆ. ಎಂಟು ದಿನ ಖಾಲಿ ಬಿದ್ದ ಪೈಪಿನಲ್ಲಿ ಗಾಳಿ ತುಂಬಿರುತ್ತದೆ. ನೀರು ಬಿಟ್ಟಾಗ ಮುಂದಿನ ಗಾಳಿಯನ್ನು ಹಿಂದಿನ ನೀರು ತಳ್ಳಿಕೊಂಡು ಬರುತ್ತದೆ. ನಳ ಮೊದಲು ನಾಗರಹಾವಿನ ಹಾಗೆ ಬುಸುಗುಡುತ್ತದೆ. ಆಗ ಮೀಟರಿನ ಕೆಂಪು ಚಕ್ರ ನೋಡಬೇಕು ನೀವು, ಬುಗುರಿ ತಿರುಗಿದ ಹಾಗೆ ತಿರುಗುತ್ತದೆ. ಅದಕ್ಕೆ ಗಾಳಿ ಯಾವುದು, ನೀರು ಯಾವುದು ಅಂತ ತಿಳಿಯೋದಿಲ್ಲ. ರೆಕ್ಕೆಗೆ ಏನು ಬಡಿದರೂ ತಿರುಗುವುದು ಅದರ ಧರ್ಮ. ಕೊಡಕ್ಕೆ ಒಂದು ಹನಿ ಬೀಳುವ ಮೊದಲೇ ಲೆಕ್ಕ ಏರಿರುತ್ತದೆ. ನಮ್ಮ ಮನೆಗೆ ಬಂದ ಗಾಳಿಯ ಲೆಕ್ಕ ಗಾಳಿಯಲ್ಲೇ ಹಾರಿ ಕಚೇರಿ ಸೇರುತ್ತದೆ. ಮೊದಲೂ ಗಾಳಿಗೆ ದುಡ್ಡು ಕಟ್ಟುತ್ತಿದ್ದೆವು ಅನ್ನಿ. ಈಗ ತಡ ಆಗೋದಿಲ್ಲ, ಅಷ್ಟೇ.

ಇದಕ್ಕೆ ಔಷಧ ಇಲ್ಲದಿಲ್ಲ. ಗಾಳಿ ಹೊರಗೆ ಬಿಟ್ಟು ನೀರು ಬಂದ ಕೂಡಲೇ ಮುಚ್ಚಿಕೊಳ್ಳುವ ವಾಲ್ವು ಸಿಗುತ್ತದೆ. ಪೈಪ್‌ಲೈನಿನ ಎತ್ತರದ ಜಾಗಗಳಲ್ಲಿ ಅದನ್ನು ಕೂಡಿಸಿ, ನಾಲ್ಕು ದಿನಕ್ಕೊಮ್ಮೆಯಾದರೂ ನೀರು ಬಿಟ್ಟರೆ ಅರ್ಧ ರಗಳೆ ಮುಗಿಯುತ್ತದೆ. ಆದರೆ ವಾಲ್ವು ಹಿಡಿದು ನಿಂತರೆ ಯಾರು ಶಾಲು ಹೊದಿಸ್ತಾರೆ? ಆದಿಲ್‌ಶಾಹಿಗಳು ತೊರವಿ ಕಡೆಯಿಂದ ವಿಜಯಪುರಕ್ಕೆ ನೆಲದೊಳಗೆ ನೀರು ತಂದರು. ದಾರಿಯಲ್ಲಿ ಗಂಜ್ ಅನ್ನುವ ಕಲ್ಲಿನ ನೀರಿನ ಗೋಪುರಗಳನ್ನು ಕಟ್ಟಿ ಪೈಪಿನ ಒತ್ತಡ ತಗ್ಗಿಸಿದರು. ಅವರಿಗೂ ಯಾರೂ ಮಾದರಿ ಅನ್ನಲಿಲ್ಲ.

ಅಳೆಯುವುದರಲ್ಲಿ ನಾವು ಯಾವಾಗಲೂ ಮುಂದೆ. ಮಳೆಗಾಲ ಬಂದರೆ ಪೇಪರಿನಲ್ಲಿ ದಿನಾ ಆಲಮಟ್ಟಿಯ ಮಟ್ಟ ನೋಡ್ತೀರಲ್ಲ. 519.60 ಮೀಟರ್ ತುಂಬಿದರೆ ಭರ್ತಿ. ಸೊನ್ನೆಯನ್ನೂ ಬಿಡದೆ ಹಾಕ್ತಾರೆ. ಕೃಷ್ಣೆ ಸೆಂಟಿಮೀಟರ್ ಲೆಕ್ಕದಲ್ಲಿ ಇಲ್ಲಿಯೇ ತುಂಬಿ ನಿಂತಿರ್ತಾಳೆ. ಅವಳ ನೀರು ಕುಡಿಯುವುದು ಬೇರೆ ಇಲಾಖೆಯ ವಿಷಯ.

ನಿಜ ಹೇಳ್ತೀನಿ, ತಮಾಷೆ ಮಾಡೋದಕ್ಕೂ ಈಗ ಬೇಜಾರು. ಮೂಲೆ ಮನೆಯ ಆಯಿಗೆ ಎಪ್ಪತ್ತು ದಾಟಿದೆ. ಮೊಣಕಾಲು ಹಿಡಿದುಕೊಂಡು ಬೋರಿನಿಂದ ಕೊಡ ಹೊರುತ್ತಾಳೆ, ದಿನಾ ನಾಲ್ಕು. ಅವಳ ಮನೆ ಗೋಡೆಗೂ ನೀಲಿ ಟೋಪಿ ಇದೆ. ನೀರು ಬಿಡಾಂವನಿಗೆ ಮೂರು ತಿಂಗಳಿಂದ ಪಗಾರ ಆಗಿಲ್ಲ. ಗದ್ದಲದ ಕೆಳಗಿನ ಪಿಸುಮಾತು ಹೆಕ್ಕುವ ಯಂತ್ರ ತಂದಿದ್ದೀರಿ. ಆ ಮುದುಕಿ ಎದುರಿಗೆ ನಿಂತು ಕೂಗಿದ್ದು ಕೇಳೋದಿಲ್ವಾ ನಿಮಗೆ?

ಇರಲಿ. ಮೊನ್ನೆ ರಾತ್ರಿ ಎರಡೂ ಕಾಲಿಗೆ ಹಿಂದಿನ ಮನೆ ಕಾಕು ಮಾಳಿಗೆ ಮೇಲಿಂದ 'ನಳಾ ಬಂದಾವ್ರವ್ವಾ' ಅಂತ ಕೂಗಿದಳು. ಅದನ್ನು ಕೇಳಿ ಪಕ್ಕದವರು ಕೂಗಿದರು, ಅವರದ್ದು ಕೇಳಿ ಅದರಾಚೆಯವರು. ಅರ್ಧ ನಿಮಿಷದಲ್ಲಿ ಇಡೀ ಓಣಿಗೆ ಸುದ್ದಿ. ಒಬ್ಬರಿಂದ ಒಬ್ಬರಿಗೆ ದಾಟಿಸುವ ಇಂಥದ್ದಕ್ಕೆ ಮೆಶ್ ನೆಟ್‌ವರ್ಕ್ ಅಂತಾರೆ. ಕಾಕುವಿನ ಬ್ಯಾಟರಿ ಒಂದು ಕಪ್ ಚಹಾ, ಅರ್ಧ ರೊಟ್ಟಿ. ನಾವು ಕೊಡ, ಬಕೆಟ್ಟು, ಕುಕ್ಕರಿನ ತನಕ ಎಲ್ಲ ಸಾಲಾಗಿ ಇಟ್ಟೆವು. ಬುಸುಗುಟ್ಟುವುದು ಮುಗಿದು, ಕೆಂಪು ನೀರು ಹೋಗಿ, ತಿಳಿನೀರು ಬೀಳುತ್ತಿತ್ತು. ಮೂರು ಗಂಟೆಗೆ ಫೋನು ಗುಂಯ್‌ಗುಟ್ಟಿತು. ಮೀಟರಿನ ಸಂದೇಶ: 'ಪ್ರಿಯ ಗ್ರಾಹಕರೇ, ನಿಮ್ಮ ನಳದಲ್ಲಿ ಅಸಹಜ ಬಳಕೆ ಕಂಡುಬಂದಿದೆ. ಸೋರಿಕೆ ಇದೆಯೇ ಪರೀಕ್ಷಿಸಿ.'

ಹೆಂಡತಿಗೆ ಓದಿ ಹೇಳಿದೆ. ಅವಳು ತುಂಬಿದ ಕೊಡ ಸರಿಸಿ ಖಾಲಿ ಕೊಡ ಒತ್ತಿದಳು.

'ಲಗೂ ಲಗೂ ತುಂಬ್ರೀ, ಸೋರಿಕೆ ಬಂದ್ ಮಾಡಾಕ ಬಂದ್ರ ಏನ್ ಮಾಡೂದು?'