ಪಿಕಪ್ ಪರೀಕ್ಷೆ

ಹಳೇ ಕಾರಿನ ಎಂಜಿನ್ ಬಗ್ಗೆ ಅಭಿಪ್ರಾಯ ಇಲ್ಲದವರನ್ನು ನಾನು ಬೆಂಗಳೂರಿನಲ್ಲಿ ಇನ್ನೂ ನೋಡಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ‘ಟ್ಯಾಪೆಟ್ ಸೌಂಡು’ ಅಂತಾನೆ, ಇಸ್ತ್ರಿಯವನು ‘ಮಿಸ್ಸಿಂಗ್ ಹೊಡೀತಿದೆ’ ಅಂತಾನೆ. ನಮ್ಮ ಭಾವನದು ಮಾತ್ರ ನೇರ ತೀರ್ಪು: “ಪಿಕಪ್ಪೇ ಇಲ್ಲ ಕಣೋ. ಸಿಲಿಂಡರ್ ಕೊರೆಸಿ ಬೋರ್ ಮಾಡಿಸು, ಇಲ್ಲ ಮಾರಿಬಿಡು.”

ಅವರದು ಹೊಸ ಟರ್ಬೊ ಗಾಡಿ, ಎಂಜಿನ್ನಿಗೆ ಗಾಳಿ ಒತ್ತಿ ತುಂಬುವಂಥದ್ದು. ನಮ್ಮದು ಮಾರುತಿ 800: 796 ಸಿಸಿ, ಮೂರು ಸಿಲಿಂಡರ್, ಹುಟ್ಟಿದಾಗಲೇ 40 ಅಶ್ವಶಕ್ತಿ ತುಂಬಿರಲಿಲ್ಲ. ನಾಲ್ಕು ಜನ ಕೂತು, ಏಸಿ ಹಾಕಿ ಹೆಬ್ಬಾಳ ಫ್ಲೈಓವರ್ ಹತ್ತಿಸಿದರೆ ಏದುಸಿರು ಬಿಡುತ್ತದೆ. ಬಿಡದೆ ಇನ್ನೇನು ಮಾಡೀತು?

ಸ್ಟಾಪ್‌ವಾಚ್ ಹಿಡಿದು ನೋಡೋಣ ಅಂದರೆ, ಔಟರ್ ರಿಂಗ್ ರೋಡಿನಲ್ಲಿ ಸೊನ್ನೆಯಿಂದ 60ಕ್ಕೆ ಹೋಗುವುದು ಎಂಜಿನ್ ಕೈಯಲ್ಲಿಲ್ಲ. ಸೈಲೆನ್ಸರ್ ನೋಡಿದೆ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ ಅಂತ, ಕಪ್ಪು ಬಂದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ ಅಂತ. ಎರಡೂ ಇಲ್ಲ. ಭಾವ ಒಪ್ಪಲಿಲ್ಲ. “ಹೊಗೆ ಬಿಡೋಕೂ ಶಕ್ತಿ ಬೇಕಲ್ವೇನೋ!”

ಕೊನೆಗೆ ಒಂದು ಭಾನುವಾರ ಕಂಪ್ರೆಷನ್ ಟೆಸ್ಟಿಗೆ, ಅಂದರೆ ಸಿಲಿಂಡರಿನೊಳಗೆ ಗಾಳಿ ಎಷ್ಟು ಒತ್ತಡಕ್ಕೆ ಅದುಮುತ್ತದೆ ಅಂತ ನೋಡೋಕೆ, ಮೆಕ್ಯಾನಿಕ್ಕನ್ನು ಬೇಸ್‌ಮೆಂಟಿಗೇ ಕರೆಸಿದೆ. ಎಂಜಿನ್ ಬಿಸಿ ಮಾಡಿ, ಮೂರೂ ಪ್ಲಗ್ ಬಿಚ್ಚಿ, ಕಾಯಿಲ್ ವೈರ್ ತೆಗೆದು, ಮೊದಲನೇ ಸಿಲಿಂಡರಿಗೆ ಗೇಜ್ ತಿರುಗಿಸಿ ಕೂರಿಸಿದ. ಸೆಲ್ಫ್ ಹೊಡೆಯುವ ಜವಾಬ್ದಾರಿ ಭಾವನದು. ಗುಂಯ್ ಗುಂಯ್ ಅಂತು. ಮುಳ್ಳು 90 ಪಿಎಸ್‌ಐ ಒತ್ತಡಕ್ಕೆ ಬಂದು ನಿಂತಿತು, ತೀರಾ ಕಮ್ಮಿ. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ಭಾವನ ಮುಖದಲ್ಲಿ ಕಳೆಯೋ ಕಳೆ. ಆಗಲೇ ಹಳೇ ಕಾರು ಕೊಳ್ಳುವ ಪರಿಚಯದವರಿಗೆ ಫೋನು: “ಬಾಡಿ ಚೆನ್ನಾಗಿದೆ, ಎಂಜಿನ್ ಮಾತ್ರ ಹೋಗಿದೆ...”

ಮೆಕ್ಯಾನಿಕ್ ಬಗ್ಗಿ ನೋಡಿದ. ಭಾವನ ಎಡಗಾಲು ಬಾಗಿಲಿನಿಂದ ಆಚೆ, ಬಲಗಾಲು ಭದ್ರವಾಗಿ ಬ್ರೇಕಿನ ಮೇಲೆ.

“ಸಾರ್, ಆಕ್ಸಿಲರೇಟರ್ ಪೂರ್ತಿ ತುಳೀರಿ, ಗಾಳಿ ಒಳಗೆ ಹೋಗ್ಬೇಕಲ್ಲ. ಮೂಗು ಹಿಡ್ಕೊಂಡು ಉಸಿರೆಳಿ ಅಂದ್ರೆ ಯಾರು ಎಳೀತಾರೆ?”

ತುಳಿದರು. 160. ಎಂಜಿನ್ ಗಟ್ಟಿಯಾಗಿಯೇ ಇದೆ. ಮಿಕ್ಕೆರಡೂ ಅದರ ಆಸುಪಾಸೇ. ಯಾವುದಾದರೂ ಒಂದು ತೀರಾ ಕಮ್ಮಿ ಬಂದಿದ್ದರೆ ಅದರೊಳಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡುತ್ತಾರಂತೆ. ಮುಳ್ಳು ಏರಿದರೆ ಪಿಸ್ಟನ್ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಕಡೆ ನೋಡಬೇಕು. ಭಾವ ಚಮಚ ಹಿಡಿದು ಸಿದ್ಧವಾಗಿಯೇ ನಿಂತಿದ್ದರು, ಪಾಪ.

“ಮತ್ತೆ ಎಳೆಯೋದಿಲ್ವಲ್ಲ, ಯಾಕೆ?”

ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದೆ, ಇಲ್ಲಿ ಗಾಳಿ ತೆಳು, ಟರ್ಬೊ ಇಲ್ಲದ ಎಂಜಿನ್ ಕರಾವಳಿಯಲ್ಲಿ ಕೊಡುವ ಶಕ್ತಿಯಲ್ಲಿ ಹತ್ತರಲ್ಲೊಂದು ಪಾಲು ಇಲ್ಲಿ ಖೋತಾ ಅಂತ ವಿವರಿಸಿದೆ. ಭಾವ ಸ್ವಲ್ಪ ಹೊತ್ತು ಯೋಚಿಸಿದರು.

“ಹಾಗಾದ್ರೆ ಮಂಗಳೂರಿಗೇ ಹೋಗಿ ನೋಡಿಬಿಡೋಣ ನಡಿ.”

“ವಾಪಸ್ ಬರುವಾಗ ಶಿರಾಡಿ ಘಾಟಿ ಹತ್ತಬೇಕಲ್ಲ ಭಾವ?”

“ಅದಕ್ಕೇನಂತೆ, ನಾನು ಬಸ್ಸಲ್ಲಿ ಬರ್ತೀನಿ.”